ಚೀನದ ಅಫೀಮು, ನಮ್ಮ ಅರಳೆ

ಪರಕೀಯರ ಸಾಮ್ರಾಜ್ಯಶಾಹಿಯು ಚೀನದಲ್ಲಿ ಮಾಡಿದ ಹಾನಿಯನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರಗಳ ವಾಚಕರು ದೂರದೇಶದ ವಾರ್ತೆಯೆಂದು ಬಗೆಯಲಾಗದು. ಬಿಹಾರ, ಮಾಳವಗಳ ನೆಲದಲ್ಲಿ ಬೆಳೆದ ಅಫೀಮನ್ನು ಚೀನವು 1839ರಲ್ಲಿ ತಡೆಯಲು, ಇಂಗ್ಲಿಷರು ಯುದ್ಧ ಹೂಡಿದರು. 1842ರ ನಾನ್ಕಿಂಗ್ ಒಪ್ಪಂದದಿಂದ ಹಾಂಗ್‌ಕಾಂಗನ್ನು ಕಸಿದು, ಐದು ಬಂದರಗಳನ್ನು ತೆರೆಯಿಸಿದರು. ಆಮದು ಸುಂಕವನ್ನು ನೂರಕ್ಕೆ ಸುಮಾರು 5ಕ್ಕೆ ಕಟ್ಟಿಹಾಕಿದರು. ಹೆಸರಿಗೆ ಚಕ್ರವರ್ತಿಯಿದ್ದನು, ಸ್ವದೇಶದ ಕೈಕಸಬನ್ನು ಕಾಯುವ ಅಧಿಕಾರ ಅವನಿಗಿರಲಿಲ್ಲ.

ನಮ್ಮಲ್ಲಾದುದೇನು? ಅಂದಿನ ಧಾರವಾಡ ಜಿಲ್ಲೆಯ ಅರಳೆಯು ಕುಮಟೆ ಬಂದರದಿಂದ ಮುಂಬಯಿಗೂ, ಅಲ್ಲಿಂದ ಲ್ಯಾಂಕೆಶೈರಕ್ಕೂ ಸಾಗಿತು. 1861ರ ಅಮೇರಿಕದ ಅಂತರ್ಯುದ್ಧದಲ್ಲಿ ಅದರ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಕುಸಿಯಿತು. ಪೆಟ್ಟು ಒಕ್ಕಲಿಗನಿಗೆ. 1882ರಲ್ಲಿ ವಿದೇಶೀ ಬಟ್ಟೆಯ ಸುಂಕವನ್ನು ಸರಕಾರವು ಕಿತ್ತಿತು. ಬೊಕ್ಕಸ ಬರಿದಾಗಿ ಅದನ್ನು ಮರಳಿ ಹೇರಿದ ಮೇಲೆ, 1896ರಲ್ಲಿ ನಮ್ಮ ಗಿರಣಿಗಳ ಬಟ್ಟೆಗೂ ನೂರಕ್ಕೆ 3½ರಂತೆ ಅಷ್ಟೇ ಸುಂಕವನ್ನು ವಿಧಿಸಿತು. ಅದು ನಿಂತದ್ದು 1925ರ ಕೊನೆಗೆ!

ಚೀನವನ್ನು ಒಪ್ಪಂದದಿಂದ ಕಟ್ಟಿದರು, ನಮ್ಮನ್ನು ಕಾಯದೆಯಿಂದ. ಹಗ್ಗ ಬೇರೆ, ಗಂಟು ಒಂದೇ. ಶಿಕ್ಷಕ ಬಂಧುಗಳು ಈ ಎರಡು ಪಾಠಗಳನ್ನು ಜೊತೆಯಾಗಿಯೇ ಕಲಿಸಲಿ. ಸುಂಕದಕಟ್ಟೆಯ ಕೀಲಿಕೈ ಯಾರಲ್ಲಿದೆಯೆಂದು ಕೇಳುವುದನ್ನು ಮರೆತ ಜನಕ್ಕೆ ಧ್ವಜವೊಂದೇ ಸ್ವಾತಂತ್ರ್ಯವನ್ನು ಕಾಯಲಾರದು.