ಮಣ್ಣುಮುಕ್ಕ ಹಿಡಿದರೆ ಜೈಲು, ಬೋವಾ ಸಾಕಿದರೆ ನೋಂದಣಿ

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳಲು ಬಂದ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಕಡೆಗೆ ಯಾವ ಊರಿನದು, ಯಾರ ಮನೆಯ ಹೋರಿಗೆ ಹುಟ್ಟಿದ್ದು ಎಂದು ಕೇಳುತ್ತಾನೆ. ಅಮೆರಿಕ ಖಂಡದ ಬೋವಾ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿ ಮರಿ ಮಾಡಿಸುವವರಲ್ಲೂ ಬೆಲೆ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಹೋರಿಯ ಮೂಲ ಬಲ್ಲವರು ಜಾತ್ರೆಯಲ್ಲೇ ನಾಲ್ಕು ಜನ ಸಿಗುತ್ತಾರೆ. ಹಾವಿಗೆ ಕಾಗದ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ನಮ್ಮ ದೇಶದಲ್ಲಿ ಕೊರತೆ ಇರುವುದು ಆ ಕಾಗದಕ್ಕೇ.

ಬೋವಾ ವಿಷವಿಲ್ಲದ ಹಾವು. ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಸೀಮೆ ಬದಲಾದಂತೆ ಅದರ ಮೈಬಣ್ಣ, ಗಾತ್ರ ಬದಲಾಗುತ್ತವೆ. ಸುರಿನಾಮ್, ಗಯಾನಾ ಕಡೆಯದಕ್ಕೆ ಬಾಲ ಕೆಂಪು. ಹಾಂಡುರಾಸ್ ಕರಾವಳಿಯಾಚೆಯ ಹಾಗ್ ದ್ವೀಪದ್ದು ಸಣ್ಣದು, ತಿಳಿಬಣ್ಣದ್ದು. ಅರ್ಜೆಂಟಿನಾದ್ದು ಕಪ್ಪುಛಾಯೆಯದು. ಮಧ್ಯ ಅಮೆರಿಕದ ಹಾವುಗಳನ್ನು ತಜ್ಞರು ಈಗ ಬೇರೆ ಪ್ರಭೇದವೆಂದೇ ಎಣಿಸುತ್ತಾರೆ. ಒಂದು ಸೀಮೆಯದನ್ನು ಇನ್ನೊಂದರೊಂದಿಗೆ ಕೂಡಿಸಿದರೆ ಹುಟ್ಟುವ ಮರಿಯ ಮೂಲವನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಹಾಗಾಗಿ ನಿಷ್ಠೆಯಿಂದ ಸಾಕುವವರು ತಂದೆ-ತಾಯಿಯ ದಾಖಲೆಯನ್ನು ಜೋಪಾನವಾಗಿ ಇಡುತ್ತಾರೆ. ಅವರ ಆಸಕ್ತಿಯನ್ನು ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಹಾಗ್ ದ್ವೀಪದ ಬೋವಾಗಳು ಕಾಡಿನಲ್ಲಿ ವಿರಳವಾದದ್ದು ಇದೇ ಆಸಕ್ತಿಯಿಂದ ಎಂಬುದನ್ನೂ ಮರೆಯುವಂತಿಲ್ಲ. 1980ರ ದಶಕದಲ್ಲಿ ಸಾಕುವವರಿಗೆಂದೇ ಅವನ್ನು ಹಿಡಿದು ಸಾಗಿಸಲಾಯಿತು. ಹಿಡಿಯುವುದು ನಿಂತ ಮೇಲೆ ಚೇತರಿಸಿಕೊಂಡವು.

ನಮ್ಮ ಕಾನೂನು ಇದನ್ನು ಹೇಗೆ ನೋಡುತ್ತದೆ? 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ವಿದೇಶಿ ಪ್ರಾಣಿಗಳಿಗೆ ನಾಲ್ಕನೇ ಅನುಸೂಚಿ ಮೀಸಲು. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯೇ ಅಲ್ಲಿಗೆ ಬಂದಿದೆ. ಅದರಲ್ಲಿನ ಪ್ರಾಣಿ ಸಾಕಿದವರು ತಮ್ಮ ಬಳಿ ಇರುವುದನ್ನು, ಹುಟ್ಟಿದ್ದನ್ನು, ಸತ್ತದ್ದನ್ನು, ಇನ್ನೊಬ್ಬರಿಗೆ ಕೊಟ್ಟದ್ದನ್ನು ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಇದಕ್ಕೆ ನಿಯಮಗಳು ಬಂದವು. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಲು ಆರು ತಿಂಗಳ ಗಡುವು ಕೊಡಲಾಯಿತು. ಸೈಟ್ಸ್‌ನ ಮೊದಲ ಪಟ್ಟಿಯ ಜೀವಿಗಳಾದರೆ ಮರಿ ಮಾಡಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿಯೂ ಬೇಕು. ಸೀಮೆಯ ಪ್ರಶ್ನೆ ಕಾನೂನಿನ ಪ್ರಶ್ನೆಯಾಗುವುದು ಇಲ್ಲೇ. ಅರ್ಜೆಂಟಿನಾದ ಬೋವಾ ಮೊದಲ ಪಟ್ಟಿಯಲ್ಲಿದೆ, ಉಳಿದ ಬೋವಾಗಳು ಎರಡನೆಯದರಲ್ಲಿ. ಮಾಲೀಕ ‘ಇದು ಕೊಲಂಬಿಯಾದ್ದು’ ಎಂದು ಬರೆದುಕೊಟ್ಟರೆ ಪರವಾನಗಿಯ ಮಾತೇ ಇಲ್ಲ. ಅದನ್ನು ಅಲ್ಲಗಳೆಯುವಷ್ಟು ಹಾವಿನ ಜ್ಞಾನ ಯಾವ ವಲಯ ಅರಣ್ಯ ಕಚೇರಿಯ ಗುಮಾಸ್ತರಿಗೆ ಇದ್ದೀತು?

ಮೂಲದ ಕಥೆ ಇನ್ನೂ ಮಸಕು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಆರು ತಿಂಗಳೊಳಗೆ ತಾವಾಗಿ ಘೋಷಿಸಿಕೊಂಡವರನ್ನು ಪ್ರಾಣಿ ಎಲ್ಲಿಂದ ಬಂತೆಂದು ಕೇಳುವುದಿಲ್ಲ ಎಂದಿತು. ಕಳ್ಳದಾರಿಯಲ್ಲಿ ಬಂದದ್ದೂ ಅಂದು ಸಕ್ರಮವಾಯಿತು. ಬರುವುದು ಮಾತ್ರ ನಿಲ್ಲಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜತೆಗೆ ಸತ್ತ ಆರು ಕೋತಿಗಳು. 2024ರ ಏಪ್ರಿಲ್‌ನಲ್ಲಿ ಅಲ್ಲೇ ಹತ್ತು ಹಳದಿ ಅನಕೊಂಡ. ಅವು ಬೋವಾದ ನೆಂಟರು. ಸಿಕ್ಕಿಬೀಳದ ಲಗೇಜು ಎಲ್ಲಿಗೆ ಹೋಗುತ್ತದೆ? ಬೋವಾ ಮೊಟ್ಟೆ ಇಡುವುದಿಲ್ಲ, ಒಂದೇ ಸೂಲಿಗೆ ಹತ್ತಾರು ಮರಿ ಹಾಕುತ್ತದೆ. ಸೂಲಿನ ಲೆಕ್ಕದಲ್ಲಿ ಕಳ್ಳಸಾಗಣೆಯ ನಾಲ್ಕು ಮರಿ ಸೇರಿಸಿದರೆ ಅವೂ ಇಲ್ಲೇ ಹುಟ್ಟಿದವಾಗುತ್ತವೆ.

ಇದು ಬೆಂಗಳೂರು, ಪುಣೆಯ ಶೋಕಿ, ನಮಗೇಕೆ ಎಂದು ಚಿಕ್ಕೋಡಿಯವರು ಕೇಳಬಹುದು. ಆ ಎರಡು ನಗರಗಳ ನಡುವಿನ ಹೆದ್ದಾರಿ ಹೋಗುವುದು ನಿಪ್ಪಾಣಿಯ ಮೇಲೆಯೇ. ಕಾಗವಾಡ ದಾಟಿದರೆ ಮಿರಜ. ಜತೆಗೆ ಕೃಷ್ಣೆ ಇದ್ದಾಳೆ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳಲ್ಲಿ ನೀರು ಮನೆ ಹೊಕ್ಕಿತು, ದನಗಳ ಹಗ್ಗ ಬಿಚ್ಚಲೂ ಪುರಸೊತ್ತಿರಲಿಲ್ಲ. ಅಂಥ ರಾತ್ರಿ ಗಾಜಿನ ಪೆಟ್ಟಿಗೆಯನ್ನು ಯಾರು ಹೊರುತ್ತಾರೆ? ಹೊರಗೆ ಮೈಲುಗಟ್ಟಲೆ ಕಬ್ಬು, ಅದರ ತುಂಬ ಇಲಿ. ಕೆರಿಬಿಯನ್ ಸಮುದ್ರದ ಅರುಬಾ ದ್ವೀಪದಲ್ಲಿ 1999ರಲ್ಲಿ ಮೊದಲು ಕಂಡ ಬೋವಾಗಳನ್ನು ಇಂದಿಗೂ ತೊಲಗಿಸಲಾಗಿಲ್ಲ.

ಇಷ್ಟಕ್ಕೂ ನಮ್ಮಲ್ಲೇ ಬೋವಾ ಇದೆ. ಅಥಣಿಯ ಪೂರ್ವಕ್ಕೆ, ತೆಲಸಂಗದ ಕಡೆಯ ಒಣಭೂಮಿಯ ಸಡಿಲ ಮಣ್ಣು ಇಂಥ ಹಾವಿಗೆ ಹೇಳಿ ಮಾಡಿಸಿದ ಜಾಗ. ನಾವು ಎರಡು ತಲೆ ಹಾವು, ಮಣ್ಣುಮುಕ್ಕ ಎನ್ನುತ್ತೇವೆ, ಗಡಿಯಾಚೆ ಮಾಂಡೂಳ. ಮೊಂಡು ಬಾಲ, ಸಣ್ಣ ಕಣ್ಣು; ಮುಟ್ಟಿದರೆ ತಲೆಯನ್ನು ಸುರುಳಿಯಡಿ ಹುದುಗಿಸಿ ಬಾಲ ಎತ್ತುವುದೇ ಅದರ ಪ್ರತಿಭಟನೆ. ಇಲಿ ತಿಂದು ಬದುಕುವ ಈ ಬಡಪಾಯಿಗೆ ನಿಧಿ ತೋರಿಸುತ್ತದೆ, ಕಾಯಿಲೆ ವಾಸಿ ಮಾಡುತ್ತದೆ ಎಂಬ ಬಿರುದು ಅಂಟಿಸಿ, ಕಿಲೋ ಲೆಕ್ಕದಲ್ಲಿ ಲಕ್ಷ, ಕೋಟಿ ಎಂದು ನಂಬಿಸುತ್ತಾರೆ. ತೂಕ ಹೆಚ್ಚಲೆಂದು ಬಲವಂತವಾಗಿ ತಿನ್ನಿಸುತ್ತಾರೆ, ಎರಡನೇ ತಲೆ ಕಾಣಲೆಂದು ಬಾಲಕ್ಕೆ ಬರೆ ಹಾಕುತ್ತಾರೆ. 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವಿನ ಮಾರಾಟದ 172 ಪ್ರಕರಣಗಳು ಸುದ್ದಿಯಾದವೆಂದು ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿಯ ಭಾರತ ಘಟಕ ಪಟ್ಟಿ ಮಾಡಿತು. ಅತಿ ಹೆಚ್ಚು, 59, ಪಕ್ಕದ ಮಹಾರಾಷ್ಟ್ರದವು.

ಮೊದಲು ನಾಲ್ಕನೇ ಅನುಸೂಚಿಯ ಮೂಲೆಯಲ್ಲಿದ್ದ ಮಣ್ಣುಮುಕ್ಕ ಈಗ ಮೊದಲನೆಯದರಲ್ಲಿದೆ. ಹಿಡಿದವರಿಗೆ ಮೂರರಿಂದ ಏಳು ವರ್ಷ ಜೈಲು. ಅದು ತೆರವು ಮಾಡಿದ ಸಂಖ್ಯೆಗೇ ವಿದೇಶಿ ಬೋವಾ ಬಂದು ಕೂತಿದೆ. ದೇಶಿ ಹಾವಿಗೆ ಶಿಕ್ಷೆ ಬಿಗಿ ಮಾಡಿದ್ದನ್ನು ನಾನು ಒಪ್ಪುತ್ತೇನೆ. ವಿದೇಶಿಯದಕ್ಕೆ ಬಾಗಿಲಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಡುವ ಕ್ರಮವನ್ನು ಒಪ್ಪಲಾರೆ. ಹಾವು ಮರಿ ಹಾಕಿದಾಗ ಪಶುವೈದ್ಯರು ಹೋಗಿ ಎಣಿಸಿ ಚಿತ್ರ ತೆಗೆಯಬೇಕು. ಅನುಮಾನ ಬಂದರೆ ತಾಯಿ-ಮರಿಯ ಡಿಎನ್‌ಎ ಹೋಲಿಸಬೇಕು, ಖರ್ಚು ಸಾಕುವವರದೇ. ಮರಿ ಮಾರಿದಾಗ ಕೊಲ್ಹಾಪುರ, ಸಾಂಗಲಿಯ ಅರಣ್ಯಾಧಿಕಾರಿಗೂ ಬೆಳಗಾವಿಯವರಿಗೂ ಒಂದೇ ದಾಖಲೆ ಕಾಣಬೇಕು. ಇಷ್ಟು ಮಾಡುವ ಸಿಬ್ಬಂದಿ ಇಲ್ಲವೆಂದಾದರೆ, ಸಿಗುವ ತನಕ ಮನೆಯಲ್ಲಿ ಮರಿ ಮಾಡಿಸುವುದನ್ನೇ ನಿಲ್ಲಿಸಲಿ, ಇರುವ ಹಾವನ್ನು ಮಾತ್ರ ಸಾಯುವವರೆಗೆ ಸಾಕಿಕೊಳ್ಳಲಿ. ಬೋವಾ ಇಪ್ಪತ್ತು-ಮೂವತ್ತು ವರ್ಷ ಬದುಕುವ ಜೀವಿ, ಆಸೆಪಟ್ಟು ತಂದವರಿಗೆ ಅದೇನೂ ಕಡಿಮೆ ಸಹವಾಸವಲ್ಲ. ಅಷ್ಟರೊಳಗೆ ಯಾರಾದರೂ ‘ಸುರಿನಾಮಿನ ಅಪ್ಪಟ ತಳಿ’ ಎಂದು ನಿಪ್ಪಾಣಿಗೆ ಮರಿ ತಂದರೆ, ಪೋರ್ಟಲ್‌ನ ನೋಂದಣಿ ಸಂಖ್ಯೆಯ ಜತೆ ಅದರ ಹಿರಿಯರು ದೇಶದೊಳಗೆ ಬಂದಾಗಿನ ಆಮದು ಪರವಾನಗಿಯನ್ನೂ ಕೇಳಿ. ಎರಡನೆಯದನ್ನು ತೋರಿಸದವನ ಹಾವನ್ನು ಮುಟ್ಟಬೇಡಿ.