ಆಸರೆಯಾದ ಬೇರಿನ ಋಣ

ಮಳೆ ಸುರಿದ ಬಳಿಕ ಅರೇಬಿಯಾದ ಮರಳನ್ನು ಸೀಳಿಕೊಂಡು ಹಳದಿ ಹೂಗಳ ದಪ್ಪ ಗೊಂಚಲೊಂದು ಮೇಲೇಳುತ್ತದೆ. ಅರಬರು ಅದನ್ನು ಝಾನೂನ್ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಅದು ಸಿಸ್ಟಾಂಕೆ. ಅದಕ್ಕೆ ಹಸಿರೆಲೆಗಳಿಲ್ಲ, ತನ್ನ ಆಹಾರವನ್ನು ತಾನೇ ತಯಾರಿಸಲಾರದು. ಧೂಳಿನಷ್ಟು ಸಣ್ಣದಾದ ಅದರ ಬೀಜವು ತಕ್ಕ ಗಿಡದ ಬೇರಿನ ಸುಳಿವು ದೊರೆತಾಗ ಮಾತ್ರ ಮೊಳೆತು, ಆ ಬೇರಿಗೆ ಅಂಟಿಕೊಂಡು ನೀರನ್ನೂ ಆಹಾರವನ್ನೂ ಪಡೆಯುತ್ತದೆ.

ಇಂತಹ ಸಸ್ಯವನ್ನು ಪರಾವಲಂಬಿಯೆಂದು ನಾವು ಹಗುರವಾಗಿ ಕಾಣುತ್ತೇವೆ. ಆದರೆ ಅದೇ ಕುಲದ ಇನ್ನೊಂದು ಸಸ್ಯದೊಂದಿಗೆ ಮನುಷ್ಯನು ಹೇಗೆ ನಡೆದುಕೊಂಡನು? ಚೀನಾ ಮತ್ತು ಮಂಗೋಲಿಯಾದ ಮರುಭೂಮಿಗಳಲ್ಲಿ ಸ್ಯಾಕ್ಸಾಲ್ ಮರದ ಬೇರನ್ನು ಆಶ್ರಯಿಸಿರುವ ಆ ಸಸ್ಯದ ಕಾಂಡವು ಚೀನೀ ವೈದ್ಯಪದ್ಧತಿಯಲ್ಲಿ ಬೆಲೆಬಾಳುವ ಔಷಧಿ. ಮಿತಿಮೀರಿ ಅಗೆದದ್ದರಿಂದ ಅದು ವಿರಳವಾಯಿತು. ಉರುವಲಿಗಾಗಿ ಆಸರೆಯ ಮರವನ್ನೂ ಕಡಿಯಲಾಯಿತು. ಕೊನೆಗೆ 2000ದಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ತರಬೇಕಾಯಿತು.

ಈಗ ಒಳಮಂಗೋಲಿಯಾದಲ್ಲಿ ಮೊದಲು ಸ್ಯಾಕ್ಸಾಲ್ ನೆಟ್ಟು, ಬಳಿಕ ಅದರ ಬೇರಿನ ಬಳಿ ಈ ಸಸ್ಯದ ಬೀಜ ಬಿತ್ತುತ್ತಾರೆ. ಮರವು ಮರಳನ್ನು ತಡೆಯುತ್ತದೆ, ಬೇರು ಕೃಷಿಕನಿಗೆ ಆದಾಯ ನೀಡುತ್ತದೆ. ಇದೇ ಸರಿಯಾದ ಕ್ರಮ.

ಅವಲಂಬನೆ ದೋಷವಲ್ಲ. ಅಲ್ಲಾಹನ ಸೃಷ್ಟಿಯಲ್ಲಿ ಸ್ವಾವಲಂಬಿಗಳಾರೂ ಇಲ್ಲ, ನಾವೂ ಅಲ್ಲ. ಆಸರೆಯಾದ ಬೇರನ್ನೇ ಕಡಿಯುವುದು ಮಾತ್ರ ಕೃತಘ್ನತೆ. ಭೂಮಿಯು ನಮ್ಮ ಬಳಿಯಿರುವ ಅಮಾನತ್ತು. ಆದ್ದರಿಂದ ಮರುಭೂಮಿಯ ಅದ್ಭುತ ಮದ್ದೆಂದು ಪುಡಿಯೊಂದನ್ನು ಮನೆಗೆ ತರುವ ಮುನ್ನ, ಅದು ಬೆಳೆದದ್ದೋ ದೋಚಿದ್ದೋ ಎಂದು ವಿಚಾರಿಸುವುದು ನಮ್ಮ ಹೊಣೆಯಾಗಿದೆ.