‘ಬರ್ತೀನ್ರಿ’ಗೆ ಇಂಗ್ಲಿಷು ಯಾವುದು?

2007ರಲ್ಲಿ ಸರಕಾರಿ ಶಾಲೆಗಳ ಒಂದನೇ ಇಯತ್ತೆಗೇ ಇಂಗ್ಲಿಷು ಬಂತು. ಆದರೂ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ತಾಲೂಕುಗಳ ಹುಡುಗರ ಬಾಯಲ್ಲಿ ಉಳಿದಿದ್ದು ಒಂದೇ ರಾಗ: ‘ಗುಡ್ ಮಾರ್ನಿಂಗ್ ಸಾ...ರ್!’

‘ಹೋಗ್ತೀನಿ’ ಅನ್ನಬಾರದು, ‘ಬರ್ತೀನ್ರಿ’ ಅನ್ನಬೇಕೆಂದು ಮನೆಯಲ್ಲಿ ಕಲಿತ ಹುಡುಗ ನಾಳೆ ನೌಕರಿ ಕೇಳಲು ಹೋಗಿ, ಏಳುವಾಗ ‘ಐ ಆಮ್ ಕಮಿಂಗ್’ ಅಂದರೆ ಎದುರಿಗೆ ಕೂತ ಸಾಹೇಬರಿಗೆ ಏನು ತಿಳಿದೀತು? ‘ಥ್ಯಾಂಕ್ಯೂ, ಗುಡ್ ಬೈ’ ಅಂದರೆ ಮುಗೀತು. ಗೆಳೆಯನಿಗಾದರೆ ‘ಸೀ ಯೂ’. ಸಂಜೆ ಎದುರಾದವರಿಗೆ ‘ಗುಡ್ ನೈಟ್’ ಅಂತಾರೆ ಕೆಲವರು. ಅದು ಎದ್ದು ಹೊರಡುವಾಗಿನ ಮಾತ್ರೀ! ‘ಊಟ ಆತ?’ ನಮ್ಮಲ್ಲಿ ಕುಶಲಪ್ರಶ್ನೆ. ಇಂಗ್ಲಿಷಿನಲ್ಲಿ ಕೇಳಿದರೆ ಊಟಕ್ಕೆ ಕರೆದಂತೆ.

ಇಂಗ್ಲಿಷ್ ಪ್ರಾಧ್ಯಾಪಕ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಸವಣೂರಲ್ಲಿ. ಮಾಸ್ತರರು ವ್ಯಾಕರಣದ ತಾಸಿನಲ್ಲಿ ಹತ್ತು ನಿಮಿಷ ತೆಗೆದು, ಹುಡುಗರನ್ನು ಎದುರುಬದುರು ನಿಲ್ಲಿಸಿ ಮಾತಾಡಿಸಲಿ.